ಅಂಕಿ ಮತ್ತು ಅಂಕಿತ

ಸಂಸ್ಕೃತದ ‘ಅಂಕ’ ಶಬ್ದಕ್ಕೆ ಗುರುತು, ಕಲೆ, ತೊಡೆ, ನಾಟಕದ ಪರಿಚ್ಛೇದ, ಸಂಖ್ಯಾಚಿಹ್ನೆ ಎಂದು ನಿಘಂಟುಗಳು ಹಲವು ಅರ್ಥಗಳನ್ನು ಹೇಳುತ್ತವೆ. ಎಣಿಕೆಯ ಗುರುತಾದ ‘ಅಂಕಿ’ಯೂ ಹೆಸರಿನ ಗುರುತಾದ ‘ಅಂಕಿತ’ವೂ ಒಂದೇ ಮೂಲದಿಂದ ಬಂದ ಒಡಹುಟ್ಟುಗಳು. ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವ್ಯಾಕರಣದ ಪಾಠದಲ್ಲಿ ಬಾಯಿಪಾಠ ಮಾಡಿದ ಹಳೆಯ ವಿದ್ಯಾರ್ಥಿಗಳಿಗೆ ಈ ಎರಡನೆಯ ಶಬ್ದ ಅಪರಿಚಿತವೇನಲ್ಲ. ಶಿವಶರಣರು ತಮ್ಮ ತಮ್ಮ ಇಷ್ಟದೈವದ ಹೆಸರನ್ನು ವಚನದಲ್ಲಿ, ಸಾಮಾನ್ಯವಾಗಿ ಅದರ ಕೊನೆಯಲ್ಲಿ, ಇರಿಸಿದ್ದನ್ನೂ ನಾವು ಅಂಕಿತವೆಂದೇ ಕರೆಯುತ್ತೇವೆ. ಇಂಗ್ಲಿಷಿನ ‘ಡಿಜಿಟಲ್’ ಎಂಬ ಮಾತನ್ನು ಕನ್ನಡಿಸಬೇಕಾಗಿ ಬಂದಾಗ ಕೆಲವರು ‘ಅಂಕೀಯ’ ಎಂದರು. ಆ ಇಂಗ್ಲಿಷ್ ಶಬ್ದದ ಬೇರು ಲ್ಯಾಟಿನ್ ಭಾಷೆಯದು. ಅಲ್ಲಿ ಅದರ ಅರ್ಥ ಬೆರಳು. ಬೆರಳೆಣಿಕೆಯಿಂದ ಅಂಕಿ ಹುಟ್ಟಿತು ಎಂಬುದು ಅದರ ಇಂಗಿತ. ಈ ಬೆರಳಿನ ಮಾತು ಮುಂದೆ ಮತ್ತೆ ಬರಲಿದೆ.

ಅಂಕಿಯ ಈ ಹೊಸ ವಿದ್ಯೆಯು ನಮ್ಮ ಮನರಂಜನೆಯನ್ನೂ ಜನಪ್ರಿಯ ಮಾಧ್ಯಮಗಳನ್ನೂ ಬುಡಮೇಲಾಗಿ ಬದಲಿಸಿದೆಯೆಂಬುದು ನಿರ್ವಿವಾದ. ಚಲನಚಿತ್ರ, ದೂರದರ್ಶನ, ಪತ್ರಿಕೆ, ಆಟ, ಹಾಡು ಎಂದು ವಿಷಯ ಕಡಲಿನಷ್ಟು ವಿಸ್ತಾರವಾದುದು. ಪ್ರಕೃತ ಲೇಖನದ ವ್ಯಾಪ್ತಿಯನ್ನು ವಚನಗಾಯನ ಮತ್ತು ಪ್ರವಚನಗಳಿಗೆ ಮಾತ್ರ ಸೀಮಿತಗೊಳಿಸಿದ್ದೇನೆ. ಇವು ಧರ್ಮಶ್ರವಣವಲ್ಲವೆ, ಮನರಂಜನೆ ಹೇಗಾದೀತು ಎಂದು ಯಾರಾದರೂ ಆಕ್ಷೇಪಿಸಬಹುದು. ನಮ್ಮ ಸೀಮೆಯಲ್ಲಿ ಇವೆರಡರ ನಡುವೆ ಗೋಡೆ ಇದ್ದುದೇ ಇಲ್ಲ. ಶ್ರಾವಣಮಾಸದ ಪುರಾಣಕ್ಕೆ ಬರುತ್ತಿದ್ದವರು ಪುಣ್ಯಕ್ಕಾಗಿ ಬಂದಷ್ಟೇ ಕಥೆಗಾಗಿಯೂ ತಬಲಾ-ಹಾರ್ಮೋನಿಯಂ ಜೊತೆಗಿನ ಪದ್ಯಗಳಿಗಾಗಿಯೂ ಬರುತ್ತಿದ್ದರು. ಏಣಗಿ ಬಾಳಪ್ಪನವರ ಕಂಪನಿಯು ‘ಜಗಜ್ಯೋತಿ ಬಸವೇಶ್ವರ’ ನಾಟಕವನ್ನು ಆಡಿದಾಗ ಪ್ರೇಕ್ಷಕರು ನಾಟಕವನ್ನೂ ನೋಡಿದರು, ಬಸವಣ್ಣನವರನ್ನೂ ಕಂಡರು. ಗದುಗಿನ ಪಂಡಿತ ಪುಟ್ಟರಾಜ ಗವಾಯಿಗಳು ಆಶ್ರಮದ ಅಂಧ ಮಕ್ಕಳ ದಾಸೋಹಕ್ಕಾಗಿ ನಾಟಕಗಳನ್ನು ಬರೆದರು, ಕಂಪನಿಯನ್ನು ನಡೆಸಿದರು.

ವಚನವನ್ನು ಕನ್ನಡಿಗರು ಓದಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಗಿ ಹೊರಬಂದುದು 1923ರಲ್ಲಿ. ಅದಕ್ಕೆ ಮುಂಚೆ ವಚನಗಳು ತಾಡವೋಲೆಯ ಕಟ್ಟುಗಳಲ್ಲಿ ಮಠಮನೆಗಳ ಜಂತಿಯ ಮೇಲೆ ಇದ್ದವು, ಮತ್ತು ಜನರ ನಾಲಗೆಯ ಮೇಲೆ ಇದ್ದವು. ನಾಲಗೆಯ ಮೇಲಿದ್ದ ವಚನಕ್ಕೆ ಅಂಕಿತವೇ ಮುಖಪುಟ, ಅದೇ ಗ್ರಂಥಕರ್ತನ ಹೆಸರು, ಅದೇ ಪ್ರಮಾಣಪತ್ರ. ‘ಗುಹೇಶ್ವರ’ ಎಂದೊಡನೆ ಅಲ್ಲಮಪ್ರಭು, ‘ಚೆನ್ನಮಲ್ಲಿಕಾರ್ಜುನ’ ಎಂದೊಡನೆ ಅಕ್ಕ, ‘ರಾಮನಾಥ’ ಎಂದೊಡನೆ ಜೇಡರ ದಾಸಿಮಯ್ಯ ಎಂದು ಅಕ್ಷರ ಬಾರದ ಮುದುಕಿಯೂ ಹೇಳುತ್ತಿದ್ದಳು.

ಇನ್ನು ಯಂತ್ರಗಳ ಕಥೆ. ಭಾರತದಲ್ಲಿ ಧ್ವನಿಮುದ್ರಣವು 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಹಾಡಿನಿಂದ ಆರಂಭವಾಯಿತು. ನಿಮಿಷಕ್ಕೆ 78 ಸುತ್ತು ತಿರುಗುವ ಆ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ಒಂದು ತಾಸು ರಾಗವನ್ನು ಬಿಡಿಸಬಲ್ಲ ಗವಾಯಿಗಳು ಮೂರು ನಿಮಿಷದ ಗಿಂಡಿಯಲ್ಲಿ ಗಂಗೆಯನ್ನು ತುಂಬಬೇಕಾಯಿತು. ಇದು ಸಂಗೀತಕ್ಕೆ ಸಂಕಟವಾದರೂ ವಚನಕ್ಕೆ ಅಷ್ಟೇನೂ ಆಗಲಿಲ್ಲ, ವಚನವೇ ಚಿಕ್ಕದು. ಮಿತಿ ಎಷ್ಟೆಂಬುದು ಹಾಡುವವನಿಗೆ ಮೊದಲೇ ಗೊತ್ತಿರುತ್ತಿತ್ತು. ಮುಳ್ಳು ತಟ್ಟೆಯ ನಡುವಿಗೆ ಬರುವುದರೊಳಗೆ ಅಂಕಿತವನ್ನು ಮುಟ್ಟುವಂತೆ ಅವನು ಆಲಾಪವನ್ನು ಹಿಗ್ಗಿಸುತ್ತಿದ್ದ, ಕುಗ್ಗಿಸುತ್ತಿದ್ದ.

ಬಳಿಕ ಬಾನುಲಿ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ಥಾಪಿಸಿದ ಬಾನುಲಿ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶಕ್ಕೇ ಹೆಸರಾಯಿತು. ಧಾರವಾಡದ ಕೇಂದ್ರವು 1950ರಲ್ಲಿ ಆರಂಭವಾದ ಮೇಲೆ ಉತ್ತರ ಕರ್ನಾಟಕದ ಹಳ್ಳಿಗಳ ಬೆಳಗು ವಚನಗಳಿಂದ ತೆರೆಯತೊಡಗಿತು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಅವರಂಥ ಘನವಿದ್ವಾಂಸರ ಕಂಠದಿಂದ ವಚನವು ಸಂಗೀತಸಭೆಯ ಗದ್ದುಗೆಯನ್ನೇರಿತು. ಇಲ್ಲಿ ಒಂದು ಸಣ್ಣ ಸಂಗತಿಯನ್ನು ಒತ್ತಿ ಹೇಳಬೇಕು. ಹಾಡಿನ ಹಿಂದೆಯೋ ಮುಂದೆಯೋ ಉದ್ಘೋಷಕರು ರಚನೆ ಯಾರದು, ಹಾಡಿದವರು ಯಾರು ಎಂದು ತಪ್ಪದೆ ಹೇಳುತ್ತಿದ್ದರು. ಸರ್ಕಾರಿ ಕಚೇರಿಯ ಶುಷ್ಕ ಶಿಸ್ತು ಎಂದು ಆಗ ನಮಗೆ ಅನಿಸಿರಬಹುದು. ಅದರಿಂದ ಎರಡು ತಲೆಮಾರಿನ ಕೇಳುಗರಿಗೆ ಶರಣರ ಹೆಸರುಗಳ ಪಾಠವೇ ಆಯಿತು.

ದೂರದರ್ಶನದ ವಿಚಾರವನ್ನು ಇಲ್ಲಿ ಬೆಳೆಸುವುದಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ನಡೆದ ಉಪಗ್ರಹ ಬೋಧನ ಪ್ರಯೋಗದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಬೆಂಗಳೂರಿಗಿಂತ ಮೊದಲು ನಮ್ಮ ಕಡೆಯ ಹಳ್ಳಿಗರು ಟಿ.ವಿ. ಕಂಡರು ಎಂದು ನಮ್ಮ ಹಿರಿಯರು ಅಭಿಮಾನದಿಂದ ಹೇಳುವುದಕ್ಕೆ ಆಧಾರವಿದೆಯೆಂದಷ್ಟೇ ಸೂಚಿಸಿ ಮುಂದುವರಿಯುತ್ತೇನೆ.

ಧ್ವನಿಸುರುಳಿ ಬಂದುದು ದೊಡ್ಡ ಪಲ್ಲಟ. ಕನ್ನಡದಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಹೊರಬಂದ ಮೇಲೆ ಭಾವಗೀತೆಯು ಮನೆಮನೆಯನ್ನು ಹೊಕ್ಕಿತು. ಅದರ ಬೆನ್ನಿಗೇ ವಚನ, ತತ್ತ್ವಪದ, ಪ್ರವಚನಗಳೂ ಜಾತ್ರೆಯ ಅಂಗಡಿಗಳಲ್ಲಿ ಬೆಂಡು ಬತ್ತಾಸಿನ ಪಕ್ಕದಲ್ಲಿ ಮಾರಾಟಕ್ಕೆ ಬಂದವು. ಅರವತ್ತು ನಿಮಿಷದ ಸುರುಳಿಯಲ್ಲಿ ಮಗ್ಗುಲಿಗೆ ಮೂವತ್ತು ನಿಮಿಷ. ಬೇಕಾದ ಹಾಡನ್ನು ಹುಡುಕಬೇಕಾದರೆ ಸುರುಳಿಯನ್ನು ಹಿಂದೆ ಮುಂದೆ ಓಡಿಸುವ ತಾಪತ್ರಯವಿತ್ತು. ಅದಕ್ಕೆ ಬೇಸತ್ತು ಜನ ಮೊದಲಿಂದ ಕೊನೆಯವರೆಗೆ ಕೇಳುತ್ತಿದ್ದರು. ಸುರುಳಿಯಿಂದ ಸುರುಳಿಗೆ ನಕಲು ಮಾಡಿದಾಗಲೆಲ್ಲ ಸದ್ದು ಮಸುಕಾಗುತ್ತಿತ್ತು. ನಾಲ್ಕನೆಯ ನಕಲಿನಲ್ಲಿ ಗಾಯಕರ ಧ್ವನಿಗಿಂತ ಗಾಳಿಯ ಸದ್ದೇ ಹೆಚ್ಚು.

ಅಂಕೀಯ ವಿದ್ಯೆ ಈ ದೋಷವನ್ನು ಮೂಲದಲ್ಲಿಯೇ ನಿವಾರಿಸಿತು. ಅದರ ರೀತಿಯನ್ನು ತಿಳಿಯುವುದು ಕಷ್ಟವಲ್ಲ. ಗ್ರಾಮಫೋನಿನಲ್ಲಿ ಧ್ವನಿಯ ಅಲೆಯ ಆಕಾರವೇ ತಟ್ಟೆಯ ಗೀರಿನಲ್ಲಿ ಕೊರೆಯಲ್ಪಡುತ್ತದೆ. ಅಂಕೀಯ ಮುದ್ರಣದಲ್ಲಾದರೋ ಅಲೆಯನ್ನು ಕೊರೆಯುವುದಿಲ್ಲ, ಅಳೆಯುತ್ತಾರೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಗೆ ನಿಗದಿಯಾದ ಕ್ರಮದಂತೆ, ಒಂದು ಸೆಕೆಂಡಿನಲ್ಲಿ 44,100 ಬಾರಿ ಅಲೆಯ ಎತ್ತರವನ್ನು ಅಳೆದು, ಪ್ರತಿಯೊಂದು ಅಳತೆಯನ್ನೂ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ಹದಿನಾರು ಸ್ಥಾನಗಳಲ್ಲಿ ಬರೆದಿಡುತ್ತಾರೆ. ಹದಿನಾರು ಸ್ಥಾನಗಳಿಂದ 65,536 ಮೆಟ್ಟಿಲುಗಳು ದೊರೆಯುತ್ತವೆ. ಛಂದಶ್ಶಾಸ್ತ್ರದಲ್ಲಿ ಗುರು-ಲಘುಗಳೆಂಬ ಎರಡೇ ಗುರುತಿನಿಂದ ಪ್ರಸ್ತಾರ ಹಾಕಿ ವೃತ್ತಭೇದಗಳನ್ನು ಎಣಿಸುವ ನಮ್ಮ ಪದ್ಧತಿಯನ್ನು ಬಲ್ಲವರಿಗೆ ಈ ಲೆಕ್ಕ ಹೊಸದಾಗಿ ತೋರದು. ಅಂಕಿಯನ್ನು ಎಷ್ಟು ಬಾರಿ ಬರೆದುಕೊಂಡರೂ ಅದು ಅದೇ ಅಂಕಿ. ಆದುದರಿಂದ ನೂರನೆಯ ನಕಲೂ ಮೂಲಕ್ಕೆ ಸಮ. ಮುಂದೆ ಎಂ.ಪಿ.3 ಎಂಬ ಕ್ರಮ ಬಂದು, ಕಿವಿ ಗಮನಿಸದ ಅಂಶಗಳನ್ನು ಕಳೆದು, ಕಡತದ ಗಾತ್ರವನ್ನು ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಸಿತು. ಹಾಡು ತಂತಿಯ ಮೂಲಕ ಊರೂರಿಗೆ ಹರಿಯಲು ಇದೇ ಮುಖ್ಯ ಕಾರಣವಾಯಿತು. 2005ರಲ್ಲಿ ಯೂಟ್ಯೂಬ್ ಆರಂಭವಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಬಂದ ಬಳಿಕ ಅಂತರ್ಜಾಲದ ದರ ಕುಸಿದು, ಕುರಿಗಾರನ ಕಿಸೆಗೂ ಈ ಭಂಡಾರ ಬಂದಿತು.

ಇದರಿಂದಾದ ಉಪಕಾರವನ್ನು ಮನಸಾರೆ ಒಪ್ಪಬೇಕು. ಹಿಂದೆ ಧಾರವಾಡದ ಬಾನುಲಿ ಕೇಂದ್ರವು ಯಾವಾಗ ಕೇಳಿಸುವುದೋ ಎಂದು ಕಾಯಬೇಕಾಗಿದ್ದ ಮನಸೂರರ ವಚನವನ್ನು ಇಂದು ಮಸ್ಕತ್ತಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯು ಬಯಸಿದ ಗಳಿಗೆಯಲ್ಲಿ ಕೇಳಬಲ್ಲನು. ಗ್ರಂಥದ ಕಡೆಯಲ್ಲಿಯೂ ಹಾಗೆಯೇ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು 1993ರಲ್ಲಿ ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯವು ಎಲ್ಲ ಶಾಲೆಗಳಲ್ಲಿಯೂ ಇಲ್ಲ. ಆದರೆ ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಚನಗಳು ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಒಂದು ಪದವನ್ನು ಯಾವ ಶರಣರು ಎಲ್ಲೆಲ್ಲಿ ಬಳಸಿದ್ದಾರೆಂದು ತಿಳಿಯಲು ನಮ್ಮ ಗುರುಗಳು ಚೀಟಿಗಳನ್ನು ಬರೆದು ತಿಂಗಳುಗಟ್ಟಲೆ ಪುಟ ತಿರುವುತ್ತಿದ್ದರು. ಆ ಕೆಲಸ ಈಗ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಆಗುತ್ತದೆ. (ಪುಟ ತಿರುವುವಾಗ ಹುಡುಕದೆಯೇ ಸಿಗುತ್ತಿದ್ದ ಬೇರೆ ವಚನಗಳ ಲಾಭ ಮಾತ್ರ ಇದರಲ್ಲಿಲ್ಲ.)

ಹಾಗಾದರೆ ಹಾನಿ ಎಲ್ಲಿ? ನಾನು ಮೊದಲಿಗೆ ಹೇಳಿದ ಬೆರಳಿನಲ್ಲಿ. ಮೊಬೈಲಿನ ಗಾಜಿನ ಮೇಲೆ ಹೆಬ್ಬೆರಳನ್ನು ಒಮ್ಮೆ ಮೇಲಕ್ಕೆ ಸರಿಸಿದರೆ ಹಾಡು ಹೋಯಿತು, ಮತ್ತೊಂದು ಬಂದಿತು. ಟಿಕ್‌ಟಾಕ್ ತಂದ ಹದಿನೈದು ಸೆಕೆಂಡಿನ ರೂಢಿಯು, 2020ರ ಜೂನ್ ಕೊನೆಯಲ್ಲಿ ಭಾರತ ಸರ್ಕಾರವು ಅದನ್ನು ನಿಷೇಧಿಸಿದ ಮೇಲೆಯೂ, ಅದೇ ವರ್ಷ ಬಂದ ಇನ್‌ಸ್ಟಾಗ್ರಾಂ ರೀಲ್ಸ್, ಯೂಟ್ಯೂಬ್ ಶಾರ್ಟ್ಸ್‌ಗಳಲ್ಲಿ ಮುಂದುವರಿಯಿತು. 2024ರ ಅಕ್ಟೋಬರಿನಲ್ಲಿ ಶಾರ್ಟ್ಸ್‌ನ ಮಿತಿಯನ್ನು ಮೂರು ನಿಮಿಷಕ್ಕೆ ಏರಿಸಿದರು. ಮೂರು ನಿಮಿಷವೆಂದರೆ ಹಳೆಯ ಗ್ರಾಮಫೋನ್ ತಟ್ಟೆಯ ಅಳತೆಯೇ ಆಯಿತಲ್ಲ! ವಚನವೊಂದು ಅಂಕಿತಸಮೇತವಾಗಿ ಅದರಲ್ಲಿ ಸುಖವಾಗಿ ಹಿಡಿಯುತ್ತದೆ. ಆದುದರಿಂದ ದೋಷ ಯಂತ್ರದ ಮಿತಿಯಲ್ಲಿಲ್ಲ. ಅಂದಿನ ಮಿತಿ ಗಾಯಕನಿಗೆ ತಿಳಿದಿತ್ತು. ಇಂದಿನ ಮಿತಿ ಕೇಳುಗನ ಹೆಬ್ಬೆರಳು, ಅದು ಯಾವ ಕ್ಷಣದಲ್ಲಿ ಸರಿಯುವುದೆಂದು ಯಾರೂ ಬಲ್ಲವರಿಲ್ಲ. ಆ ಬೆರಳಿಗೆ ಹೆದರಿ, ತುಣುಕು ಕತ್ತರಿಸುವವರು ವಚನದ ಅತ್ಯಂತ ಬೆರಗಿನ ಎರಡು ಸಾಲುಗಳನ್ನು ಮುಂದಿಟ್ಟು ಉಳಿದುದನ್ನು ಬಿಡುತ್ತಾರೆ. ಉಳಿದುದರಲ್ಲಿ ಅಂಕಿತವೂ ಹೋಗುತ್ತದೆ.

ಅಂಕಿತ ಹೋದರೆ ಹೆಸರು ಮಾತ್ರ ಹೋಗುತ್ತದೆಂದು ತಿಳಿಯಬಾರದು. ವ್ಯಾಕರಣದೃಷ್ಟಿಯಿಂದ ಅಂಕಿತವು ಬಹುಮಟ್ಟಿಗೆ ಸಂಬೋಧನೆ. ಅಲ್ಲಿಯವರೆಗೆ ಲೋಕದ ಕಡೆ ನೋಡಿ ಆಡಿದ ಮಾತು ಅಂಕಿತದಲ್ಲಿ ತಿರುಗಿ ದೇವರ ಮುಂದೆ ನಿಲ್ಲುತ್ತದೆ. ಬಸವಣ್ಣನವರ ಎಷ್ಟೋ ವಚನಗಳು ಆತ್ಮನಿರೀಕ್ಷೆಯ ವಚನಗಳು. ತಮ್ಮ ಮನಸ್ಸಿನ ಚಂಚಲತೆಯನ್ನು, ತಮ್ಮ ಭಕ್ತಿಯ ಕೊರತೆಯನ್ನು ಅವರು ಕೂಡಲಸಂಗಮದೇವನ ಸನ್ನಿಧಿಯಲ್ಲಿ ನಿವೇದಿಸುತ್ತಾರೆ. ಕೊನೆಯ ಆ ಒಂದು ಪದವನ್ನು ಕತ್ತರಿಸಿ ನೋಡಿರಿ: ನಿವೇದನೆಯು ಬೈಗುಳವಾಗುತ್ತದೆ, ತನ್ನನ್ನು ಕುರಿತು ಆಡಿದ್ದು ನೆರೆಯವನನ್ನು ಕುರಿತು ಆಡಿದಂತಾಗುತ್ತದೆ. ವಾಟ್ಸಪ್ಪಿನಲ್ಲಿ ಬೆಳಗಿನ ಶುಭಾಶಯದೊಡನೆ ಬರುವ ಎಷ್ಟೋ ವಚನತುಣುಕುಗಳು ಈ ರೀತಿ ಪರರನ್ನು ತಿವಿಯುವ ಮುಳ್ಳುಗಳಾಗಿ ಬಳಕೆಯಾಗುತ್ತಿರುವುದನ್ನು ವಾಚಕರು ಬಲ್ಲರು.

ಅಂಕಿತವನ್ನು ಪೂರ್ತಿ ಕತ್ತರಿಸಬೇಕೆಂದೇನೂ ಇಲ್ಲ, ಅರ್ಧ ಕತ್ತರಿಸಿದರೂ ಅನರ್ಥವೇ. ಆಯ್ದಕ್ಕಿ ಮಾರಯ್ಯನವರ ಅಂಕಿತ ‘ಅಮರೇಶ್ವರಲಿಂಗ’. ಅವರ ಧರ್ಮಪತ್ನಿ ಲಕ್ಕಮ್ಮನವರ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಾಯಕನು ತಾಳಕ್ಕೆ ಹೊಂದಲಿಲ್ಲವೆಂದು ಮೊದಲ ಪದವನ್ನು ನುಂಗಿದರೆ, ಕಾಯಕತತ್ತ್ವದಲ್ಲಿ ಗಂಡನನ್ನೇ ತಿದ್ದಿದ ಆ ಮಹಾತಾಯಿಯ ಮಾತು ಗಂಡನ ಖಾತೆಗೆ ಹೋಗುತ್ತದೆ. ‘ಕೂಡಲಸಂಗಮದೇವ’ನಿಗೂ ‘ಕೂಡಲಚೆನ್ನಸಂಗಮದೇವ’ನಿಗೂ ನಡುವೆ ಇರುವುದು ‘ಚೆನ್ನ’ ಎಂಬ ಎರಡಕ್ಷರ. ಅದು ಬಿದ್ದುಹೋದರೆ ಚೆನ್ನಬಸವಣ್ಣನವರ ವಚನ ಬಸವಣ್ಣನವರದಾಗುತ್ತದೆ.

ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ, ತಮಗೆ ಬರುವ ಒಂದೊಂದು ವಚನವನ್ನು ಹೇಳಿ ಅದು ಯಾರದೆಂದು ತಿಳಿಸಬೇಕೆಂದು ಮಕ್ಕಳಿಗೆ ಕೇಳಿದೆ. ಒಬ್ಬ ಹುಡುಗ ಸೊಗಸಾದ ಕಂಠದಿಂದ ಹಾಡಿದ. ಶ್ರುತಿ ಶುದ್ಧ, ಉಚ್ಚಾರವೂ ಬಹುಮಟ್ಟಿಗೆ ಶುದ್ಧ. ಮೂರನೆಯ ಸಾಲಿಗೆ ನಿಲ್ಲಿಸಿದ. “ಮುಂದೆ ಹೇಳಪ್ಪಾ” ಎಂದೆ. “ಅಷ್ಟೇ ಐತ್ರಿ ಸರ” ಎಂದ. ಯಾರ ವಚನವೆಂದು ಕೇಳಿದ್ದಕ್ಕೆ ಅದನ್ನು ಏರಿಸಿದ ಯೂಟ್ಯೂಬ್ ಚಾನೆಲ್ಲಿನ ಹೆಸರನ್ನು ಹೇಳಿದ. ಉಳಿದ ಮಕ್ಕಳು ನಗಲಿಲ್ಲ. ಅವರಿಗೂ ಅದು ಸರಿಯಾದ ಉತ್ತರವೆಂದೇ ತೋರಿತ್ತು. ಈ ಮಗುವನ್ನು ದೂಷಿಸುವಂತಿಲ್ಲ. ವಚನವು ಅವನಿಗೆ ಬಂದುದೇ ಹಾಗೆ, ಅಂಕಿತದ ಸ್ಥಾನದಲ್ಲಿ ಚಾನೆಲ್ಲಿನ ಮುದ್ರೆಯನ್ನು ಹೊತ್ತುಕೊಂಡು. ಮತ್ತು ಆ ಮೂರು ಸಾಲನ್ನಾದರೂ ಅವನ ನಾಲಗೆಗೆ ತಂದಿದ್ದು ಆ ಯಂತ್ರವೇ, ನನ್ನ ಪಾಠವಲ್ಲ ಎಂಬುದನ್ನೂ ಹೇಳಲೇಬೇಕು.

ಅಂಕಿತವಿಲ್ಲದ ಮನೆಗೆ ಅಪರಿಚಿತರು ಬಂದು ಸೇರುವುದು ಸಹಜ. ಬಸವಣ್ಣನವರ ಚಿತ್ರದ ಕೆಳಗೆ ಅವರು ಆಡದ ಮಾತುಗಳನ್ನು ಅಚ್ಚುಕಟ್ಟಾದ ಅಕ್ಷರಗಳಲ್ಲಿ ಬರೆದು ಹಂಚುವ ಪರಿಪಾಠ ಈಗ ಬೆಳೆದಿದೆ. ಇಂಥವನ್ನು ಪರೀಕ್ಷಿಸುವುದು ಭಾಷಾಧ್ಯಾಪಕರಿಗೆ ಕಷ್ಟವಲ್ಲ. ಹನ್ನೆರಡನೆಯ ಶತಮಾನದ ಶರಣರ ಬಾಯಲ್ಲಿ ‘ಧನಾತ್ಮಕ ಚಿಂತನೆ’ ಎಂಬ ಪದ ಬಂದರೆ ಅದರ ಜಾತಕವನ್ನು ನೋಡಬೇಕಾದ ಅಗತ್ಯವೇ ಇಲ್ಲ. ಪದ ಹಳೆಯದೇ ಆಗಿದ್ದರೆ ಅಂಕಿತವನ್ನು ನೋಡಬೇಕು. ಅಂಕಿತವೂ ಇದ್ದರೆ ಸಮಗ್ರ ಸಂಪುಟದಲ್ಲಿಯೋ ವಚನ ಸಂಚಯದಲ್ಲಿಯೋ ಎರಡು ಪದ ಕೊಟ್ಟು ಹುಡುಕಬೇಕು. ಸುಳ್ಳನ್ನು ಹರಡಿದ ಯಂತ್ರದಲ್ಲಿಯೇ ಸುಳ್ಳನ್ನು ಹಿಡಿಯುವ ಸಾಧನವೂ ಇರುವುದು ವಿಶೇಷ. ಈ ಅಭ್ಯಾಸವನ್ನು ನಮ್ಮ ಮಕ್ಕಳು ಆಟದಂತೆ ಕಲಿತರು. ಈಗ ತಮ್ಮ ಮನೆಯ ಹಿರಿಯರು ಕಳಿಸಿದ ವಚನಗಳನ್ನು ತಂದು ತಪ್ಪು ತೋರಿಸುತ್ತಿದ್ದಾರೆ. ಹಿರಿಯರಿಗೆ ಇದು ಅಷ್ಟಾಗಿ ರುಚಿಸಿದಂತಿಲ್ಲ.

ಪ್ರವಚನದ ಸ್ಥಿತಿ ಇನ್ನೊಂದು ಬಗೆಯದು. ವಿಜಯಪುರದ ಜ್ಞಾನಯೋಗಾಶ್ರಮದ ಪರಮಪೂಜ್ಯ ಶ್ರೀ ಸಿದ್ಧೇಶ್ವರ ಸ್ವಾಮಿಗಳವರು 2023ರ ಜನವರಿ 2ರಂದು ಲಿಂಗೈಕ್ಯರಾದರು. ತಮ್ಮ ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಯಾವ ಸ್ಮಾರಕವನ್ನೂ ಕಟ್ಟಬಾರದು ಎಂದು ಅವರು 2014ರಲ್ಲಿಯೇ ಬರೆದಿಟ್ಟಿದ್ದರು. ಕಲ್ಲಿನ ಸ್ಮಾರಕವನ್ನು ಬೇಡವೆಂದ ಆ ಮಹಾನುಭಾವರ ವಾಣಿ ಮಾತ್ರ ಅಂಕಿಗಳ ರೂಪದಲ್ಲಿ ಉಳಿದು ದಿನವೂ ಸಹಸ್ರಾರು ಕಿವಿಗಳನ್ನು ಮುಟ್ಟುತ್ತಿದೆ. ಅವರ ಪ್ರವಚನವನ್ನು ಕುಳಿತು ಕೇಳಿದವರಿಗೆ ಗೊತ್ತು, ಅದರ ಅರ್ಧ ಅರ್ಥ ಮಾತಿನಲ್ಲಿತ್ತು, ಉಳಿದರ್ಧ ಮಾತು ಮಾತಿನ ನಡುವಣ ಮೌನದಲ್ಲಿತ್ತು. ಒಂದು ತಾಸಿನ ಪ್ರವಚನವನ್ನು ಒಂದು ನಿಮಿಷಕ್ಕೆ ಇಳಿಸುವವರು ಮೊದಲು ಕತ್ತರಿಸುವುದು ಆ ಮೌನವನ್ನು. ಬಳಿಕ ಅಲ್ಲಿ ವೇಣುವಾದನವನ್ನು ತುಂಬುತ್ತಾರೆ. ಇದು ನನಗೆ ಸ್ವಲ್ಪವೂ ಒಪ್ಪಿಗೆಯಾಗದ ಕೆಲಸ. ಪೂರ್ಣ ಪ್ರವಚನವೂ ಅದೇ ಯಂತ್ರದಲ್ಲಿ ಉಂಟು, ಆದರೆ ಯಂತ್ರವು ಅದನ್ನು ತಾನಾಗಿ ಮುಂದೆ ತರುವುದು ಅಪರೂಪ. ಯಾವ ತುಣುಕಿನ ಬಳಿ ಯಾರು ಎಷ್ಟು ಹೊತ್ತು ನಿಂತರೆಂದು ಅದು ಎಣಿಸುತ್ತಲೇ ಇರುತ್ತದೆ, ಆ ಎಣಿಕೆಯ ಮೇಲೆ ಜಾಹೀರಾತಿನ ಆದಾಯ ನಿಂತಿದೆ.

ಕೃತಕ ಬುದ್ಧಿಮತ್ತೆ ಎಂಬ ಇನ್ನೂ ಹೊಸ ವಿದ್ಯೆಯು ಅಂಕಿತದ ಪ್ರಶ್ನೆಯನ್ನು ಕಂಠಕ್ಕೂ ತಂದಿದೆ. 2024ರಲ್ಲಿ ತೆರೆಕಂಡ ‘ಲಾಲ್ ಸಲಾಂ’ ಎಂಬ ತಮಿಳು ಚಿತ್ರದ ಒಂದು ಹಾಡಿಗೆ ಸಂಗೀತ ನಿರ್ದೇಶಕ ಎ. ಆರ್. ರೆಹಮಾನರು ಬಂಬಾ ಬಾಕಿಯಾ ಮತ್ತು ಶಾಹುಲ್ ಹಮೀದ್ ಎಂಬ ದಿವಂಗತ ಗಾಯಕರಿಬ್ಬರ ಕಂಠವನ್ನು ಯಂತ್ರದಿಂದ ಮರಳಿ ತಂದರು. ಕುಟುಂಬದವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು ಮಾಡಿದ ಕೆಲಸವದು. ಒಪ್ಪಿಗೆ ಕೇಳದವರ ಕೈಗೂ ಇದೇ ವಿದ್ಯೆ ಸಿಕ್ಕಿದೆ. ಲಿಂಗೈಕ್ಯರಾದ ಗುರುಗಳೊಬ್ಬರ ಧ್ವನಿಯಲ್ಲಿ ಅವರು ಆಡದ ಆಶೀರ್ವಚನ ಹೊರಟರೆ, ಅದು ಅವರದಲ್ಲವೆಂದು ಹೇಳುವುದು ಹೇಗೆ? ಅವರು ನಿಜವಾಗಿ ಆಡಿದ್ದು ಸ್ಥಳ, ದಿನಾಂಕಗಳೊಡನೆ ಎಲ್ಲಿಯಾದರೂ ಭದ್ರವಾಗಿದ್ದರೆ ಮಾತ್ರ ಹೋಲಿಸಿ ಹೇಳಬಹುದು.

ಈ ಕಾರಣದಿಂದ ನಮ್ಮ ಗ್ರಂಥಾಲಯದ ಕಬ್ಬಿಣದ ಕಪಾಟಿನ ವಿಷಯವನ್ನು ದಾನಿಗಳ ಅವಗಾಹನೆಗೆ ತರುತ್ತೇನೆ. ಶ್ರೀಮಠದ ಶ್ರಾವಣ ಪ್ರವಚನಗಳು, ಶಿವಾನುಭವಗೋಷ್ಠಿಗಳು, ಶಾಲೆಯ ವಚನಗಾಯನ ಸ್ಪರ್ಧೆಗಳು ಧ್ವನಿಮುದ್ರಿತವಾಗಿರುವ ಸುಮಾರು ಮುನ್ನೂರು ಕ್ಯಾಸೆಟ್‌ಗಳು ಅದರಲ್ಲಿವೆ. ಕಾಂತಲೇಪವಿರುವ ಆ ಪಟ್ಟಿಗಳು ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತವೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅವುಗಳನ್ನು ಅಂಕಿಗೆ ಇಳಿಸುವ ಕೆಲಸಕ್ಕೆ ಅವಸರದ ಮಾರ್ಗವಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ ಅರವತ್ತು ನಿಮಿಷ ತಿರುಗಲೇಬೇಕು. ದಿನಕ್ಕೆ ಮೂರು ತಾಸಿನಂತೆ ನೂರು ದಿನಗಳ ಕೆಲಸ. ಎಂ.ಪಿ.3ಗೆ ಇಳಿಸದೆ ಸಿ.ಡಿ.ಯ ಪೂರ್ಣ ಗುಣದಲ್ಲಿಯೇ ಇಟ್ಟರೆ ಒಂದು ಕ್ಯಾಸೆಟ್ಟಿಗೆ ಸುಮಾರು 635 ಮೆಗಾಬೈಟ್, ಎಲ್ಲ ಸೇರಿ ಸುಮಾರು 190 ಗಿಗಾಬೈಟ್. ಅಂಗೈಯಲ್ಲಿ ಹಿಡಿಯುವ ಒಂದು ಟೆರಾಬೈಟಿನ ಪೆಟ್ಟಿಗೆಯಲ್ಲಿ ಅದರ ಐದು ಪಟ್ಟು ಸ್ಥಳವಿರುತ್ತದೆ. ಇಂಥ ಪೆಟ್ಟಿಗೆಗಳು ಮೂರು ಬೇಕು: ಒಂದು ಶಾಲೆಯಲ್ಲಿ, ಒಂದು ಶ್ರೀಮಠದಲ್ಲಿ, ಒಂದು ಬೇರೆ ಊರಿನಲ್ಲಿ. ಯೂಟ್ಯೂಬಿಗೆ ಏರಿಸಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಕೇಳಿಸುವುದಕ್ಕೆ ಅದು ಸಾಕು. ಪರರ ಉಗ್ರಾಣ ನಮ್ಮ ಕಣಜವಾಗಲಾರದು.

ಹಣಕ್ಕಿಂತ ಕಠಿಣವಾದ ತೊಡಕು ಮತ್ತೊಂದಿದೆ. ನಾಲ್ವತ್ತಕ್ಕೂ ಹೆಚ್ಚು ಕ್ಯಾಸೆಟ್‌ಗಳ ಮೇಲಿನ ಚೀಟಿಯ ಮಸಿ ಅಳಿಸಿಹೋಗಿದೆ. ಕೆಲವದರಲ್ಲಿ ‘ಶ್ರಾವಣ, 3ನೆಯ ದಿನ’ ಎಂದಷ್ಟೇ ಉಂಟು. ಯಾವ ವರ್ಷ, ಯಾರ ಪ್ರವಚನ, ತಬಲಾ ಸಾಥ್ ಯಾರದು, ನಡುವೆ ವಚನ ಹಾಡಿದ ಬಾಲಕ ಯಾರು ಎಂಬುದಿಲ್ಲ. ಹೀಗೆಯೇ ಯಂತ್ರಕ್ಕೆ ಇಳಿಸಿದರೆ ಅಂಕಿಯುಂಟು, ಅಂಕಿತವಿಲ್ಲ ಎಂದಾದೀತು. ಆ ಧ್ವನಿಗಳನ್ನು ಗುರುತಿಸಬಲ್ಲವರು 1980ರಿಂದ 1995ರವರೆಗೆ ಇಲ್ಲಿ ಓದಿದವರು, ವಸತಿನಿಲಯದಲ್ಲಿದ್ದು ಪ್ರವಚನಕ್ಕೆ ಜಮಖಾನೆ ಹಾಸಿದವರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಎರಡು ತಾಸು ಗ್ರಂಥಾಲಯದಲ್ಲಿ ಟೇಪ್ ರೆಕಾರ್ಡರ್ ಹಾಕಿರುತ್ತೇವೆ. ಹಾಳೆ ಮತ್ತು ಪೆನ್ನು ಮೇಜಿನ ಮೇಲಿರುತ್ತವೆ.